ರೇಡಿಯೇಟರ್ ಮುಚ್ಚಳಕ್ಕೆ ಕೈಹಾಕುವ ಮುನ್ನ

ಪುಟ್ಟಿ, ಸೆಕೆಂಡ್ ಹ್ಯಾಂಡ್ ಆದರೂ ಗಾಡಿ ಚೆನ್ನಾಗಿದೆ. ಎಂಜಿನ್ ಸದ್ದು ಕೇಳಿದೆ, ಕ್ಲಚ್ ನೋಡಿದೆ, ಟೈರುಗಳು ಇನ್ನೂ ಒಂದು ಮಳೆಗಾಲ ತಡೆಯುತ್ತವೆ. ಏಪ್ರಿಲ್ ರಜೆಯಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುತ್ತೇನೆ ಅಂದೆಯಲ್ಲ, ಧಾರಾಳವಾಗಿ ಹೋಗಿ ಬಾ. ಇಳಿಯುವಾಗ ಬ್ರೇಕಿನ ಜತೆ ಹೇಗಿರಬೇಕು ಅನ್ನುವುದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ, ಅದು ಕೂತು ಹೇಳಬೇಕಾದ ವಿಷಯ. ವಾಪಸ್ ಬರುವಾಗ ಉಜಿರೆ ಕಡೆಯಿಂದ ಕೊಟ್ಟಿಗೆಹಾರದವರೆಗೆ ಏರಬೇಕು. ಮೂರು ಜನ, ಡಿಕ್ಕಿ ತುಂಬಾ ಸಾಮಾನು, ಮೇಲೆ ಕರಾವಳಿಯ ಬಿಸಿಲು. ಆ ಏರಿಗೆ ಮುಂಚೆ ಬಾನೆಟ್ ಕೆಳಗಿರುವ ರೇಡಿಯೇಟರ್ ಮುಚ್ಚಳದ ವಿಷಯ ನಿನಗೆ ಗೊತ್ತಿರಲಿ.

ಹಾಸನದ ಗ್ಯಾರೇಜಿನಲ್ಲಿ ಆಯುಸ್ಸು ಕಳೆದವನಾಗಿ ನಾನು ಕಂಡದ್ದು ಇದು: ಆ ಮುಚ್ಚಳವನ್ನು ಜನ ತೆರೆಯಬಾರದ ಹೊತ್ತಿನಲ್ಲಿ ತೆರೆಯುತ್ತಾರೆ, ತೆರೆದು ನೋಡಬೇಕಾದ ಹೊತ್ತಿನಲ್ಲಿ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಮೊದಲನೆಯದರಿಂದ ಮೈಕೈ ಸುಡುತ್ತದೆ. ಎರಡನೆಯದರಿಂದ ಎಂಜಿನ್ ಸುಡುತ್ತದೆ.

ಅದು ಬರೀ ನೀರು ಚೆಲ್ಲದ ಹಾಗೆ ಮುಚ್ಚಿಟ್ಟ ತಗಡು ಅಂತ ತಿಳಿಯಬೇಡ. ನೀರು ನೂರು ಡಿಗ್ರಿಗೆ ಕುದಿಯುತ್ತದೆ ಅಂತ ಶಾಲೆಯಲ್ಲಿ ಓದಿದ್ದು ಸಮುದ್ರಮಟ್ಟದ ಲೆಕ್ಕ. ಮಂಗಳೂರಿನಲ್ಲಿ ಅದು ಸರಿ. ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 97ಕ್ಕೇ ಕುದಿ ಬರುತ್ತದೆ. 2,200 ಮೀಟರಿಗೂ ಮೇಲಿರುವ ಊಟಿಯಲ್ಲಿ 93ರ ಆಸುಪಾಸು. ಇನ್ನು ಎಂಜಿನ್ನಿನ ಕಡೆ ಬಾ. ನಮ್ಮ ಸಾಮಾನ್ಯ ಕಾರುಗಳಲ್ಲಿ ಬಿಸಿನೀರನ್ನು ರೇಡಿಯೇಟರಿಗೆ ಬಿಡುವ ತರ್ಮೋಸ್ಟಾಟ್ ಬಾಯಿ ಬಿಡುವುದೇ 82ರಿಂದ 88 ಡಿಗ್ರಿಗೆ. ಫ್ಯಾನ್ ತಿರುಗಲು ಶುರುವಾಗುವುದು 90 ದಾಟಿದ ಮೇಲೆ. ಎರಡನೇ ಗೇರಿನಲ್ಲಿ, ಮುಂದೆ ಒಂದು ಲಾರಿ ತೆವಳುತ್ತಿರುವಾಗ, ಗಾಳಿಯೇ ಸಿಗದ ತಿರುವುಗಳಲ್ಲಿ ಏರುತ್ತಿದ್ದರೆ 100 ದಾಟುವುದು ಅಪರೂಪವೇನಲ್ಲ. ತೆರೆದ ಪಾತ್ರೆಯಾಗಿದ್ದರೆ ಆ ನೀರು ಅಲ್ಲೇ ಕುದಿದು ಉಕ್ಕಿ ರಸ್ತೆ ಪಾಲಾಗುತ್ತಿತ್ತು. ಹಿಂದಿನ ಕಾಲದ ಕಾರುಗಳಲ್ಲಿ ಆಗುತ್ತಿದ್ದದ್ದೂ ಹಾಗೆಯೇ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಒತ್ತಡ ಹಿಡಿಯುವ ಮುಚ್ಚಳ ಇರಲಿಲ್ಲ, ತೀರಾ ಮೊದಲ ಕೆಲವು ಗಾಡಿಗಳನ್ನು ಬಿಟ್ಟರೆ ನೀರು ತಳ್ಳುವ ಪಂಪೂ ಇರಲಿಲ್ಲ. ಬಿಸಿನೀರು ಮೇಲೇರುವ, ತಣ್ಣೀರು ಕೆಳಗಿಳಿಯುವ ಗುಣವನ್ನೇ ನಂಬಿಕೊಂಡು ಓಡುತ್ತಿತ್ತು. ಏರಿನಲ್ಲಿ ನಿಲ್ಲಿಸುವುದು, ಆರಿಸುವುದು, ನೀರು ತುಂಬುವುದು ಆಗಿನವರ ಪ್ರಯಾಣದ ಭಾಗವೇ ಆಗಿತ್ತು.

ಒತ್ತಡ ಹಿಡಿಯುವ ಮುಚ್ಚಳ ಬಂದ ಮೇಲೆ ಆ ಕಷ್ಟ ತಪ್ಪಿತು. ಅಮ್ಮನ ಅಡುಗೆಮನೆಯ ಕುಕ್ಕರ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಒತ್ತಡವೂ ಹೆಚ್ಚುಕಡಿಮೆ ಅಷ್ಟೇ, ಚದರ ಸೆಂಟಿಮೀಟರಿಗೆ ಒಂದು ಕಿಲೋದ ಆಸುಪಾಸು. ನಿನ್ನ ಗಾಡಿಯ ಮುಚ್ಚಳದ ನೆತ್ತಿಯ ಮೇಲೆ 0.9 ಅಂತಲೋ 1.1 ಅಂತಲೋ ಒತ್ತಿರುತ್ತಾರೆ, ನೋಡು. ಕೆಲವದರಲ್ಲಿ ಕಿಲೋಪಾಸ್ಕಲ್ ಲೆಕ್ಕದಲ್ಲಿ 88 ಅಥವಾ 108 ಅಂತ ಇರುತ್ತದೆ, ಎರಡು ಲೆಕ್ಕವೂ ಒಂದೇ. 0.9ರ ಮುಚ್ಚಳ ಇದ್ದರೆ ಮಂಗಳೂರಿನಲ್ಲಿ ಬರೀ ನೀರೇ ಸುಮಾರು 118 ಡಿಗ್ರಿಯವರೆಗೆ ಕುದಿಯದೆ ತಡೆಯುತ್ತದೆ. ಊಟಿಗೆ ಹೋದರೆ ಅದೇ ಮುಚ್ಚಳದಲ್ಲಿ 114ರ ಸುಮಾರಿಗೆ ಕುದಿ ಬರುತ್ತದೆ, ಯಾಕೆಂದರೆ ಹೊರಗಿನ ಗಾಳಿಯ ಭಾರವೇ ಅಲ್ಲಿ ಕಡಿಮೆ. ಅರ್ಧ ನೀರು ಅರ್ಧ ಕೂಲೆಂಟ್ ಹಾಕಿದ್ದರೆ ಇನ್ನೂ ಏಳೆಂಟು ಡಿಗ್ರಿ ಮೇಲಕ್ಕೆ ಹೋಗುತ್ತದೆ. ಚಾರ್ಮಾಡಿಯಂಥ ಏರಿನಲ್ಲಿ ನಿನ್ನನ್ನು ಕಾಯುವುದು ಈ ಹೆಚ್ಚಿನ ಡಿಗ್ರಿಗಳೇ.

ಒತ್ತಡದಿಂದ ಇನ್ನೊಂದು ಉಪಕಾರವಿದೆ, ಅದನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಸಿಲಿಂಡರ್ ಹೆಡ್ಡಿನ ಒಳಗೆ, ಎಕ್ಸಾಸ್ಟ್ ವಾಲ್ವಿನ ಸುತ್ತ, ಬಿಸಿ ಒಂದೇ ಸಮ ಇರುವುದಿಲ್ಲ. ಬಿಸಿ ತೋರಿಸುವ ಮೀಟರಿನಲ್ಲಿ ಮುಳ್ಳು ನಡುವೆ ನಿಂತಿದ್ದರೂ ಅಲ್ಲಿನ ಲೋಹ ವಿಪರೀತ ಕಾದಿರುತ್ತದೆ. ಒತ್ತಡ ಇಲ್ಲದಿದ್ದರೆ ಆ ಜಾಗದಲ್ಲಿ ನೀರು ಗುಳ್ಳೆಯೆದ್ದು ಆವಿಯ ಪೊರೆ ಕಟ್ಟುತ್ತದೆ. ಆವಿ ನೀರಿನ ಹಾಗೆ ಬಿಸಿಯನ್ನು ಹೊತ್ತೊಯ್ಯುವುದಿಲ್ಲ. ಆಮೇಲೆ ಆಗುವುದೆಲ್ಲ ನಿನಗೂ ಕೇಳಿ ಗೊತ್ತಿರುವ ಮಾತು: ಗ್ಯಾಸ್ಕೆಟ್ ಹೋಯಿತು, ಹೆಡ್ಡು ಬೆಂಡಾಯಿತು, ಎಂಜಿನ್ ಬಿಚ್ಚಬೇಕಾಯಿತು. ಅಷ್ಟು ದೊಡ್ಡ ಖರ್ಚಿನ ಬುಡ ಹುಡುಕುತ್ತಾ ಹೋದರೆ ಎಷ್ಟೋ ಸಲ ಸ್ಪ್ರಿಂಗ್ ಸತ್ತ ಒಂದು ಮುಚ್ಚಳ ಸಿಗುತ್ತದೆ. ಕಡಿಮೆ ದುಡ್ಡಿಗೆ ಬರುವ ಸಾಮಾನು ಅದು. ಅದಕ್ಕೇ ಯಾರೂ ಅದಕ್ಕೆ ಬೆಲೆ ಕೊಡುವುದಿಲ್ಲ, ನನಗೆ ಬೇಸರವಾಗುವುದೂ ಅದಕ್ಕೇ.

ಈಗ ಕೈ ಸುಡುವ ಮಾತು. ಶಿರಾಡಿ ಘಾಟಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಬಾನೆಟ್ ಎತ್ತಿ ನಿಂತಿದ್ದ ಒಬ್ಬ ಹುಡುಗನನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೆಗಲ ಮೇಲಿದ್ದ ಟವೆಲ್ ತೆಗೆದು ನಾಲ್ಕು ಮಡಿಕೆ ಮಾಡಿ ಮುಚ್ಚಳದ ಮೇಲಿಟ್ಟು ತಿರುಗಿಸಿದ. ನಾವು ಕೂಗುವುದರೊಳಗೆ ಆಗಿಹೋಯಿತು. ಮುಖ ಹಿಂದಕ್ಕೆ ತೆಗೆದುಕೊಂಡದ್ದರಿಂದ ಕಣ್ಣು ಉಳಿಯಿತು, ಕತ್ತು ಮತ್ತು ಎದೆಯ ಮೇಲೆ ಕುದಿನೀರು ಬಿತ್ತು. ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಕೈ. ಟವೆಲ್ ಅವನನ್ನು ಕಾಪಾಡಲಿಲ್ಲ; ಬಿಸಿನೀರು ಕುಡಿದು ಅಂಗೈಗೆ ಅಂಟಿಕೊಂಡು ಸುಡುತ್ತಲೇ ಇತ್ತು. ಬಟ್ಟೆ ಇದೆಯಲ್ಲ ಅನ್ನುವ ಧೈರ್ಯವೇ ಅಲ್ಲಿ ಮೋಸ ಮಾಡುವುದು.

ಯಾಕೆ ಹಾಗೆ ಚಿಮ್ಮುತ್ತದೆ ಅನ್ನುವುದನ್ನು ಒಮ್ಮೆ ತಿಳಿದುಕೊಂಡರೆ ನೀನು ಜನ್ಮದಲ್ಲಿ ಬಿಸಿ ಮುಚ್ಚಳಕ್ಕೆ ಕೈಹಾಕುವುದಿಲ್ಲ. ಒಳಗೆ ನೀರು 115 ಡಿಗ್ರಿ ಇದೆ ಅಂದುಕೋ. ಒತ್ತಡ ಹಿಡಿದಿಟ್ಟಿರುವುದರಿಂದ ಅದು ಕುದಿಯದೆ ಸುಮ್ಮನಿರುತ್ತದೆ. ಕೆಲವು ಸಲ ಹೊರಗೆ ಒಂದು ಎಳೆ ಆವಿಯೂ ಕಾಣುವುದಿಲ್ಲ, ಹಾಗಾಗಿ ನೋಡಿದವರಿಗೆ ತಣ್ಣಗಿದೆ ಅನ್ನಿಸುತ್ತದೆ. ಮುಚ್ಚಳ ತಿರುಗಿಸಿದ ಕೂಡಲೇ ಒತ್ತಡ ಬಿಟ್ಟುಹೋಗುತ್ತದೆ. ಆಗ ಕುದಿಬಿಂದುವಿಗಿಂತ ಮೇಲಿದ್ದ ಆ ಹದಿನೈದು ಡಿಗ್ರಿಯ ಬಿಸಿಯೆಲ್ಲ ಒಂದಷ್ಟು ನೀರನ್ನು ಆ ಗಳಿಗೆಯಲ್ಲೇ ಆವಿ ಮಾಡುತ್ತದೆ. ಎಷ್ಟು? ನೂರಕ್ಕೆ ಮೂರು ಪಾಲೂ ಇಲ್ಲ. ಐದು ಲೀಟರ್ ನೀರಿದ್ದರೆ ಒಂದು ಸಣ್ಣ ಲೋಟದಷ್ಟು. ಆದರೆ ನೀರು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಪುಟ್ಟಿ. ಆ ಸಣ್ಣ ಲೋಟ ಇನ್ನೂರು ಲೀಟರಿನ ಡ್ರಮ್ಮಿನಲ್ಲೂ ಹಿಡಿಸದಷ್ಟು ಆವಿಯಾಗಿ, ನೀರಿನ ಮೇಲ್ಭಾಗದಲ್ಲಿ ಮಾತ್ರವಲ್ಲ, ಎಂಜಿನ್ನಿನ ಒಳಗೆ ಎಲ್ಲೆಲ್ಲಿ ನೀರಿದೆಯೋ ಅಲ್ಲೆಲ್ಲ ಹುಟ್ಟುತ್ತದೆ. ಅದಕ್ಕೆ ಹೊರಬರಲು ಇರುವುದು ರೇಡಿಯೇಟರಿನ ಆ ಒಂದು ಬಾಯಿ. ದಾರಿಯಲ್ಲಿ ಸಿಕ್ಕ ನೀರನ್ನೆಲ್ಲ ಮುಂದೆ ತಳ್ಳಿಕೊಂಡು ಬರುತ್ತದೆ. ಬಾಗಿ ನೋಡುತ್ತಿರುವವರ ಮುಖ ಅಲ್ಲೇ ಇರುತ್ತದೆ.

ಹಾಗಾದರೆ ಮುಳ್ಳು ಮೇಲೇರಿದರೆ ಏನು ಮಾಡಬೇಕು? ನಡುಮಟ್ಟ ದಾಟಿ ಮೇಲಕ್ಕೆ ಹೋಗುತ್ತಿದೆ ಅನ್ನಿಸಿದ ತಕ್ಷಣ ಎಸಿ ನಿಲ್ಲಿಸು. ಕಿಟಕಿ ಇಳಿಸಿ ಹೀಟರ್ ಪೂರ್ತಿ ತಿರುಗಿಸು, ಬ್ಲೋವರ್ ಜೋರು ಮಾಡು. ಆ ಬಿಸಿಲಲ್ಲಿ ಹೀಟರ್ ಹಾಕುವುದಾ ಅಂತ ಅಪ್ಪ ರೇಗಬಹುದು, ರೇಗಲಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್ರೇ, ಎಂಜಿನ್ನಿನ ಬಿಸಿಯನ್ನು ಎಳೆದು ಕಾರಿನೊಳಗೆ ಬಿಡುತ್ತದೆ. ಘಾಟಿಯಲ್ಲಿ ತಿರುವಿನ ಮೇಲೆ ನಿಲ್ಲಿಸಬೇಡ. ಹಿಂದಿನಿಂದ ಬರುವವರಿಗೆ ಕಾಣುವಂಥ, ರಸ್ತೆ ಅಗಲ ಇರುವ ಜಾಗ ಸಿಗುವವರೆಗೆ ನಿಧಾನವಾಗಿ ಬಾ, ಸಿಕ್ಕಿದ ಕೂಡಲೇ ನಿಲ್ಲಿಸು. ಆವಿ ಬರುತ್ತಿಲ್ಲ, ಮುಳ್ಳು ಕೆಂಪು ಗೆರೆ ಮುಟ್ಟಿಲ್ಲ ಅಂದರೆ ಎಂಜಿನ್ ನಿಂತಲ್ಲೇ ಓಡಲಿ. ಪಂಪು ನೀರು ತಿರುಗಿಸುತ್ತಿರುತ್ತದೆ, ಫ್ಯಾನ್ ಗಾಳಿ ಎಳೆಯುತ್ತಿರುತ್ತದೆ, ಒಂದೆರಡು ನಿಮಿಷದಲ್ಲಿ ಮುಳ್ಳು ಇಳಿಯಲು ಶುರುವಾಗಬೇಕು. ಇಳಿಯದಿದ್ದರೆ, ಅಥವಾ ಆವಿ ಕಂಡರೆ, ಕೆಂಪು ದೀಪ ಹತ್ತಿದರೆ, ಆ ಕ್ಷಣವೇ ಆಫ್ ಮಾಡು. ಇನ್ನೊಂದು ಕಿಲೋಮೀಟರ್ ಹೋದರೆ ಊರು ಸಿಗುತ್ತದೆ ಅನ್ನುವ ಆಸೆಯಲ್ಲಿ ಹೋಗುವ ಆ ಒಂದು ಕಿಲೋಮೀಟರಿನಲ್ಲೇ ಹೆಡ್ಡು ಹೋಗುವುದು.

ಇಲ್ಲೊಂದು ಮೋಸವಿದೆ, ಮುಳ್ಳನ್ನೇ ಪೂರ್ತಿ ನಂಬಬೇಡ. ನೀರೆಲ್ಲ ಖಾಲಿಯಾಗಿದ್ದರೆ ಬಿಸಿ ಅಳೆಯುವ ಸೆನ್ಸರ್ ನೀರಲ್ಲಿ ಮುಳುಗಿರುವುದಿಲ್ಲ. ಆಗ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೆ ಬೀಳಬಹುದು. ಮೇಲೇರಿದ ಮುಳ್ಳು ಇದ್ದಕ್ಕಿದ್ದಂತೆ ಇಳಿಯಿತು, ಹೀಟರಿನಿಂದ ತಣ್ಣನೆ ಗಾಳಿ ಬರುತ್ತಿದೆ ಅಂದರೆ ಸಮಾಧಾನಪಡಬೇಡ, ಗಾಡಿ ನಿಲ್ಲಿಸು.

ನಿಲ್ಲಿಸಿದ ಮೇಲೆ ಬಾನೆಟ್ ಎತ್ತಿ ಸುಮ್ಮನೆ ಬಿಡು. ಬಾನೆಟ್ ಸಂದಿಯಿಂದ ಆವಿ ಬರುತ್ತಿದ್ದರೆ ಅದು ನಿಲ್ಲುವವರೆಗೆ ಬಾನೆಟ್ಟನ್ನೂ ಮುಟ್ಟಬೇಡ. ಫ್ಯಾನಿನ ಹತ್ತಿರ ಕೈ ಬೇಡ. ಕರೆಂಟ್ ಫ್ಯಾನ್ ಕೆಲವು ಗಾಡಿಗಳಲ್ಲಿ ಚಾವಿ ತೆಗೆದ ಮೇಲೂ ತಾನಾಗಿ ತಿರುಗುತ್ತದೆ. ರೇಡಿಯೇಟರ್ ಮೇಲೆ, ಎಂಜಿನ್ ಮೇಲೆ ತಣ್ಣೀರು ಸುರಿಯಲು ಯಾರಾದರೂ ಬಾಟಲಿ ಹಿಡಿದು ಬಂದರೆ ಒಳ್ಳೆಯ ಮಾತಲ್ಲೇ ಬೇಡ ಅನ್ನು. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಕನಿಷ್ಠ ಅರ್ಧ ಗಂಟೆ, ಬೇಸಿಗೆಯಲ್ಲಿ ಒಂದು ಗಂಟೆಯೇ ಇರಲಿ, ಕಾಯಬೇಕು. ಆಮೇಲೆ ಎಂಜಿನ್ನಿನಿಂದ ರೇಡಿಯೇಟರ್ ಮೇಲ್ಭಾಗಕ್ಕೆ ಬರುವ ದಪ್ಪ ರಬ್ಬರ್ ಹೋಸನ್ನು ಬಟ್ಟೆ ಸುತ್ತಿ ಹಿಸುಕಿ ನೋಡು. ಗಟ್ಟಿಯಾಗಿ ಬಿಗಿದುಕೊಂಡಿದ್ದರೆ ಒಳಗೆ ಇನ್ನೂ ಒತ್ತಡ ಇದೆ, ಹೋಗಿ ಕೂತುಕೋ. ಮೆತ್ತಗಾಗಿ, ಮುಟ್ಟಿದರೆ ಉಗುರುಬೆಚ್ಚಗೆ ಇದ್ದರೆ ಮಾತ್ರ ಮುಚ್ಚಳದ ಹತ್ತಿರ ಹೋಗು. ಆಗಲೂ ದಪ್ಪ ಬಟ್ಟೆ ಹಾಕಿ, ಮುಖ ಪಕ್ಕಕ್ಕೆ ತಿರುಗಿಸಿ, ಒತ್ತದೆ ಎಡಕ್ಕೆ ತಿರುಗಿಸು. ಅರ್ಧದಲ್ಲಿ ಅದು ತಡೆದು ನಿಲ್ಲುತ್ತದೆ. ಉಳಿದ ಒತ್ತಡ ಹೊರಹೋಗಲೆಂದೇ ಮಾಡಿರುವ ಮೆಟ್ಟಿಲು ಅದು. ಬುಸ್ ಅನ್ನುವ ಸದ್ದು ಪೂರ್ತಿ ನಿಂತ ಮೇಲೆ ಕೆಳಕ್ಕೆ ಒತ್ತಿ ಇನ್ನಷ್ಟು ತಿರುಗಿಸಿದರೆ ಕೈಗೆ ಬರುತ್ತದೆ.

ಯಾರಿಗಾದರೂ ಸುಟ್ಟೇಬಿಟ್ಟಿತು ಅಂತಿಟ್ಟುಕೋ, ದೇವರು ಹಾಗೆ ಮಾಡದಿರಲಿ. ಒದ್ದೆ ಬಟ್ಟೆ, ಉಂಗುರ, ಬಳೆ, ವಾಚು ತಕ್ಷಣ ತೆಗೆ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಎಳೆಯಬೇಡ. ಹರಿಯುವ ತಣ್ಣನೆ ಸಾದಾ ನೀರನ್ನು ಇಪ್ಪತ್ತು ನಿಮಿಷ ಬಿಡಬೇಕು. ಐಸ್ ಬೇಡ. ಟೂತ್‌ಪೇಸ್ಟ್, ಇಂಕು, ಹಿಟ್ಟು, ಎಣ್ಣೆ ಯಾವುದೂ ಬೇಡ, ಅಜ್ಜಿ ಹೇಳಿದ್ದರೂ ಬೇಡ. ಕಣ್ಣಿಗೆ ಬಿದ್ದಿದ್ದರೆ ನೀರಲ್ಲಿ ತೊಳೆಯುತ್ತಲೇ ಆಸ್ಪತ್ರೆಗೆ ನಡೆ. ಕಾರಿನಲ್ಲಿ ಐದು ಲೀಟರಿನ ನೀರಿನ ಕ್ಯಾನ್ ಯಾವಾಗಲೂ ಇರಲಿ ಅನ್ನುವುದು ರೇಡಿಯೇಟರಿಗಾಗಿ ಮಾತ್ರ ಅಲ್ಲ.

ಇದೆಲ್ಲ ಆಗದಂತೆ ನೋಡಿಕೊಳ್ಳುವ ಕೆಲಸ ತಣ್ಣಗಿರುವಾಗಿನದು. ರಾತ್ರಿಯೆಲ್ಲ ನಿಂತ ಗಾಡಿಯ ಮುಚ್ಚಳವನ್ನು ಬೆಳಗ್ಗೆ ತೆಗೆದು ಕೈಯಲ್ಲಿ ಹಿಡಿ. ತಿರುಗಿಸಿ ಅದರ ಹೊಟ್ಟೆ ನೋಡು. ದಪ್ಪ ಸ್ಪ್ರಿಂಗು, ಅದರ ತುದಿಯಲ್ಲಿ ರಬ್ಬರ್ ವಾಶರ್ ಕೂರಿಸಿದ ತಟ್ಟೆ, ಆ ತಟ್ಟೆಯ ನಟ್ಟನಡುವೆ ಹಳೇ ಎಂಟಾಣೆಗಿಂತ ಚಿಕ್ಕದಾದ ಇನ್ನೊಂದು ಬಿಲ್ಲೆ. ದಪ್ಪ ಸ್ಪ್ರಿಂಗು ಒತ್ತಡ ಹಿಡಿಯುತ್ತದೆ, ಹೆಚ್ಚಾದರೆ ಮೇಲೆದ್ದು ಹೆಚ್ಚಾದಷ್ಟನ್ನು ಪಕ್ಕದ ಸಣ್ಣ ಪೈಪಿನಿಂದ ರಿಸರ್ವ್ ಬಾಟಲಿಗೆ ಕಳಿಸುತ್ತದೆ. ಗಾಡಿ ತಣ್ಣಗಾದಾಗ ಒಳಗಿನ ನೀರು ಕುಗ್ಗುತ್ತದಲ್ಲ, ಆಗ ಆ ಚಿಕ್ಕ ಬಿಲ್ಲೆ ಬಾಯಿಬಿಟ್ಟು ಬಾಟಲಿಗೆ ಹೋದ ಕೂಲೆಂಟನ್ನು ವಾಪಸ್ ಎಳೆದುಕೊಳ್ಳುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಮುಚ್ಚಳದಲ್ಲಿ ಎರಡು ಬಾಗಿಲು. ಇದನ್ನು ಯೋಚಿಸಿ ಮಾಡಿದವರ ಬಗ್ಗೆ ನನಗೆ ಇವತ್ತಿಗೂ ಗೌರವ.

ವಾಶರನ್ನು ಹೆಬ್ಬೆರಳಲ್ಲಿ ಒತ್ತು. ಮೆತ್ತಗೆ ಕುಗ್ಗಿ ಏಳಬೇಕು. ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ, ಅಂಚಿನಲ್ಲಿ ಸಣ್ಣ ಬಿರುಕು ಕಂಡರೆ, ರೇಡಿಯೇಟರಿನ ಬಾಯಿ ಕೂತು ಕೂತು ಆಳವಾದ ಗೆರೆ ಬಿದ್ದಿದ್ದರೆ ಅದರ ಕಾಲ ಮುಗಿಯಿತು. ನಡುವಿನ ಬಿಲ್ಲೆಯನ್ನು ಉಗುರಿನಿಂದ ಮೆಲ್ಲಗೆ ಎಳೆ, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳಬೇಕು. ಸುತ್ತ ಬಿಳಿ ಉಪ್ಪು ಕಟ್ಟಿದ್ದರೆ ಅಥವಾ ತುಕ್ಕಿನ ಕೆಸರು ಅಂಟಿದ್ದರೆ ಒಳಗೆ ಯಾರೋ ಬೋರ್‌ವೆಲ್ ನೀರು ಸುರಿದಿದ್ದಾರೆ ಅಂತ ಅರ್ಥ. ನಮ್ಮ ಗಡಸು ನೀರು ಬಿಸಿನೀರಿನ ಹಂಡೆಯಲ್ಲಿ ಕಟ್ಟುವ ಸುಣ್ಣವನ್ನೇ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ.

ಮುಚ್ಚಳ ಹಾಳಾದರೆ ಗಾಡಿ ತಾನೇ ಸೂಚನೆ ಕೊಡುತ್ತದೆ. ರಿಸರ್ವ್ ಬಾಟಲಿ ತುಂಬಿ ತುಳುಕುತ್ತಿದೆ, ಆದರೆ ರೇಡಿಯೇಟರ್ ತೆರೆದು ನೋಡಿದರೆ ನೀರು ಇಳಿದಿದೆ ಅಂದರೆ ಹೋದದ್ದು ವಾಪಸ್ ಬರುತ್ತಿಲ್ಲ. ಬೆಳಗ್ಗೆ ನೋಡಿದಾಗ ಮೇಲಿನ ಹೋಸ್ ಯಾರೋ ಹಿಸುಕಿದ ಹಾಗೆ ಚಪ್ಪಟೆಯಾಗಿದ್ದರೆ ಆ ಚಿಕ್ಕ ಬಿಲ್ಲೆ ಕಚ್ಚಿಕೊಂಡಿದೆ. ಮುಚ್ಚಳದ ಸುತ್ತ ಒಣಗಿದ ಹಸಿರೋ ಗುಲಾಬಿಯೋ ಕಲೆ ಇದ್ದರೆ ಸೀಲ್ ಸೋರುತ್ತಿದೆ. ಆದರೆ ಎಲ್ಲವನ್ನೂ ಮುಚ್ಚಳದ ತಲೆಗೆ ಕಟ್ಟುವುದೂ ತಪ್ಪು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಹೋಸ್ ಕಲ್ಲಾದರೆ, ರೇಡಿಯೇಟರಿನಲ್ಲಿ ಗುಳ್ಳೆ ಎಡೆಬಿಡದೆ ಏಳುತ್ತಿದ್ದರೆ, ಸೈಲೆನ್ಸರಿನಿಂದ ಬರುವ ಬಿಳಿ ಹೊಗೆ ನಿಲ್ಲದಿದ್ದರೆ ಅದು ಹೆಡ್ ಗ್ಯಾಸ್ಕೆಟ್ಟಿನ ಲಕ್ಷಣ. ಆಗ ಹೊಸ ಮುಚ್ಚಳ ಹಾಕಿ ಸಮಾಧಾನಪಟ್ಟುಕೊಳ್ಳಬಾರದು. ಒಳ್ಳೆಯ ಗ್ಯಾರೇಜಿನಲ್ಲಿ ಕೈಪಂಪಿನ ಪ್ರೆಶರ್ ಟೆಸ್ಟರ್ ಇರುತ್ತದೆ. ಮುಚ್ಚಳವನ್ನೂ ರೇಡಿಯೇಟರನ್ನೂ ಬೇರೆ ಬೇರೆ ಪರೀಕ್ಷಿಸಿ ಕೊಡಿ ಅಂತ ಕೇಳು.

ಮುಚ್ಚಳ ಬದಲಿಸುವಾಗ ನಂಬರ್ ಮಾತ್ರ ಬದಲಿಸಬೇಡ. ಗಾಡಿ ಬಿಸಿಯಾಗುತ್ತಿದೆ ಅಂದರೆ, 0.9 ತೆಗೆದು 1.1 ಹಾಕಿ, ತಣ್ಣಗಿರುತ್ತದೆ ಅಂತ ಹೇಳುವವರು ಸಿಗುತ್ತಾರೆ. ಒತ್ತಡ ಹೆಚ್ಚಿಸಿದರೆ ಎಂಜಿನ್ ಒಂದು ಡಿಗ್ರಿಯೂ ತಣ್ಣಗಾಗುವುದಿಲ್ಲ, ಕುದಿಯುವುದು ತಡವಾಗುತ್ತದೆ ಅಷ್ಟೇ. ಬಿಸಿ ಏರಲು ಕಾರಣವಾದದ್ದು, ಕಟ್ಟಿಕೊಂಡ ನಾಳವೋ ಸವೆದ ಪಂಪೋ ತಿರುಗದ ಫ್ಯಾನೋ, ಹಾಗೆಯೇ ಇರುತ್ತದೆ. ಹೆಚ್ಚಿನ ಒತ್ತಡ ಹಳೇ ಹೋಸನ್ನೂ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕಿನ ಅಂಚನ್ನೂ ಹುಡುಕಿಕೊಂಡು ಹೋಗಿ ಒಡೆಯುತ್ತದೆ. ಇನ್ನೊಂದು ಗುಂಪಿನವರು ಸೋರುವ ರೇಡಿಯೇಟರ್ ಉಳಿಸಲು ಮುಚ್ಚಳ ಸಡಿಲ ಬಿಡಿ ಅನ್ನುತ್ತಾರೆ. ನಿರ್ಜನ ರಸ್ತೆಯಲ್ಲಿ, ಬೇರೆ ದಾರಿಯೇ ಇಲ್ಲದೆ ನಿಧಾನವಾಗಿ ಊರು ಸೇರುವುದಕ್ಕೆ ಅದು ಸರಿ, ಆದರೆ ಆ ಸ್ಥಿತಿಯಲ್ಲಿ ಘಾಟಿ ಏರಬೇಡ. ತರ್ಮೋಸ್ಟಾಟ್ ಕಿತ್ತು ಬಿಸಾಕಿ ಅನ್ನುವ ಸಲಹೆಯನ್ನಂತೂ ಕೇಳಲೇಬೇಡ.

ಕೂಲೆಂಟ್ ವಿಷಯ ಚುಟುಕಾಗಿ ಹೇಳುತ್ತೇನೆ. ಗಾಡಿಯ ಪುಸ್ತಕದಲ್ಲಿ ಹೇಳಿರುವ ಜಾತಿಯದನ್ನೇ ಹಾಕು, ಬಣ್ಣ ನೋಡಿ ಕೊಳ್ಳಬೇಡ. ನೀರು ಬೆರೆಸಿಯೇ ಮಾರುವ ಡಬ್ಬಿಗೆ ಮತ್ತೆ ನೀರು ಬೆರೆಸಬೇಡ. ಗಟ್ಟಿ ಕೂಲೆಂಟ್ ಆದರೆ ಡಿಸ್ಟಿಲ್ಡ್ ವಾಟರ್ ಸಮಸಮ. ಕೂಲೆಂಟ್ ವಿಷ, ರುಚಿಯಲ್ಲಿ ಸಿಹಿ. ಚೆಲ್ಲಿದ್ದನ್ನು ತೊಳೆಯದೆ ಬಿಡಬೇಡ, ನಿಮ್ಮ ಬೀದಿಯ ನಾಯಿಗಳು ನೆಕ್ಕಿಬಿಡುತ್ತವೆ. ಉಳಿದ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದ ಕಡೆ ಇಡು.

ಇನ್ನೊಂದು ವಿಷಯ ಮರೆತಿದ್ದೆ. ನಿನ್ನ ಗೆಳತಿಯ ಹೊಸ ಕಾರಿನಲ್ಲಿ ರೇಡಿಯೇಟರ್ ಮೇಲೆ ಮುಚ್ಚಳವೇ ಇಲ್ಲ ಅಂದೆಯಲ್ಲ. ಅಂಥವುಗಳಲ್ಲಿ ಪಕ್ಕದಲ್ಲಿರುವ ದಪ್ಪ ಗೋಡೆಯ ಬಿಳಿ ಪ್ಲಾಸ್ಟಿಕ್ ಟ್ಯಾಂಕೇ ಒತ್ತಡದಲ್ಲಿರುತ್ತದೆ, ಅದರ ತಿರುಪಿನ ಮುಚ್ಚಳವೇ ಈ ಕೆಲಸವನ್ನೆಲ್ಲ ಮಾಡುತ್ತದೆ. ನಿನ್ನ ಗಾಡಿಯ ರಿಸರ್ವ್ ಬಾಟಲಿಯ ಮುಚ್ಚಳ ಬೆರಳಲ್ಲಿ ಎತ್ತಿದರೆ ಬರುವಂಥದ್ದು, ಅದರಲ್ಲಿ ಒತ್ತಡ ಇರುವುದಿಲ್ಲ. ನಿನ್ನದನ್ನು ನೋಡಿ ರೂಢಿಯಾಗಿ, ಅವಳ ಗಾಡಿ ಬಿಸಿಯಿದ್ದಾಗ ಬಾಟಲಿ ತಾನೇ ಅಂತ ತಿರುಗಿಸಿಬಿಡಬೇಡಿ. ಇದನ್ನು ಅವಳಿಗೂ ಹೇಳು.

ಹೊರಡುವ ಹಿಂದಿನ ದಿನ ಸಂಜೆಯೇ ಗಾಡಿ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸು, ಬೆಳಗ್ಗೆ ತರಬೇಡ, ಬಿಸಿಯಿರುತ್ತದೆ. ಬೆಳಗಿನ ಕಾಫಿಗೆ ಮುಂಚೆ ಮುಚ್ಚಳ ನೀನೇ ತೆಗೆ, ನಾನು ಪಕ್ಕದಲ್ಲಿರುತ್ತೇನೆ. ವಾಶರ್ ಗಟ್ಟಿಯಾಗಿದ್ದರೆ ಅಂಗಡಿ ತೆಗೆಯುವವರೆಗೆ ಕಾದು ಹೊಸದು ಹಾಕಿಸಿಕೊಂಡೇ ಹೊರಡು. ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗು. ಬಾಯಿಮಾತಲ್ಲಿ ಕೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ನೆತ್ತಿಯ ನಂಬರ್ ಒಂದೇ ಇದೆಯಾ, ಸ್ಪ್ರಿಂಗಿನ ಉದ್ದ ಒಂದೇ ಇದೆಯಾ ಅಂತ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿಯೇ ದುಡ್ಡು ಕೊಡು.